ಮಳೆಗಾಲ, ಐದು ವರ್ಷದೊಳಗಿನ ಮಕ್ಕಳು: ಓಆರ್‌ಎಸ್, ಜ್ವರದ ಔಷಧಿ, ಸೊಳ್ಳೆ. ಅಳತೆ ತಪ್ಪುವುದೆಲ್ಲಿ?

ಮಕ್ಕಳ ವಾರ್ಡ್, ದಾವಣಗೆರೆ

ಜೂನ್ ಕಾಲಿಟ್ಟಿತೆಂದರೆ ಮಕ್ಕಳ ವಾರ್ಡಿನಲ್ಲಿ ವಾಂತಿಭೇದಿ ಮತ್ತು ಜ್ವರದ್ದೇ ಕಾರುಬಾರು. ಮನೆಯವರಿಗೆ ಏನು ಕೊಡಬೇಕೆಂಬುದು ಗೊತ್ತಿರುತ್ತದೆ. ಎಷ್ಟು ಕೊಡಬೇಕು ಎಂಬಲ್ಲಿ ಎಡವುತ್ತಾರೆ. ಮೊದಲು ಭೇದಿಯ ವಿಷಯ.

ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಇರುವುದು ಸರಿಯಾಗಿ 1 ಲೀಟರ್ ನೀರಿಗೆ. ಚಿಕ್ಕದು 200 ಮಿ.ಲೀ.ಗೆ. ಯಾವುದಕ್ಕೆ ಎಷ್ಟು ನೀರು ಎಂದು ಪ್ಯಾಕೆಟ್ ಮೇಲೆಯೇ ಇರುತ್ತದೆ, ಓದಿಕೊಂಡೇ ಕತ್ತರಿಸಿ. ಇಡೀ ಪುಡಿಯನ್ನು ಒಂದೇ ಸಲ ಕಲಸಬೇಕು. "ಮಗು ಅಷ್ಟು ಕುಡಿಯಲ್ಲ" ಎಂದು ಲೋಟಕ್ಕೆ ಎರಡು ಚಮಚ ಹಾಕಿ ಉಳಿದದ್ದನ್ನು ಮಡಚಿಡುವುದು ಬಹಳ ಕಡೆ ಇದೆ. ಪುಡಿಯಲ್ಲಿ ಉಪ್ಪು, ಗ್ಲೂಕೋಸು, ಪೊಟ್ಯಾಸಿಯಂ, ಸಿಟ್ರೇಟ್ ನಾಲ್ಕೂ ಇರುತ್ತವೆ. ಆ ಎರಡು ಚಮಚದಲ್ಲಿ ಯಾವುದು ಎಷ್ಟು ಬಂತು ಎಂದು ಹೇಳಲಾಗದು.

1 ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವುದು ಇನ್ನೂ ಅಪಾಯ. ಉಪ್ಪಿನಂಶ ಐದು ಪಟ್ಟು ಆಗುತ್ತದೆ. ಮೈಯಲ್ಲಿದ್ದ ನೀರನ್ನೂ ಕರುಳು ಎಳೆದುಕೊಂಡು ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು.

ಅಳೆಯುವುದಕ್ಕೆ ಚೊಂಬನ್ನು ನಂಬಬೇಡಿ. ಅಂಗಡಿಯಲ್ಲಿ ಸಿಗುವ 1 ಲೀಟರ್ ನೀರಿನ ಬಾಟಲಿ ಸಾಕು. ಕುದಿಸಿ ಆರಿಸಿದ ನೀರಿಗೆ ಪುಡಿ ಹಾಕಿ ಕಲಸಿ, ಮುಚ್ಚಿಡಿ. ಕಲಸಿದ ಮೇಲೆ ಕುದಿಸಬಾರದು. ಸಕ್ಕರೆ, ಹಾಲು, ಜ್ಯೂಸ್ ಬೆರೆಸಬಾರದು. 24 ಗಂಟೆ ಕಳೆದದ್ದನ್ನು ಚೆಲ್ಲಿ ಹೊಸದು ಮಾಡಿ.

ಕುಡಿಸುವ ಪ್ರಮಾಣ: ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಬಾಟಲಿ ನಿಪ್ಪಲ್ ಬೇಡ, ಲೋಟ ಚಮಚವೇ ಸರಿ. ಬಾಯಾರಿದ ಮಗು ಬಾಟಲಿಯಲ್ಲಿ ಗಟಗಟ ಕುಡಿದು ಅಷ್ಟನ್ನೂ ಕಕ್ಕುತ್ತದೆ. ನಿಪ್ಪಲಿನ ಸಂದಿಯ ಕೊಳೆಯಿಂದ ಹೊಸ ಸೋಂಕಿಗೂ ದಾರಿ.

ಇಬ್ಬರು ಮಕ್ಕಳ ಅಮ್ಮ, ತೀರ್ಥಹಳ್ಳಿ

ಪೇಟೆಯಿಂದ ದೂರ ಇರುವವರ ಪರವಾಗಿ ಕೇಳ್ತಿದ್ದೇನೆ ಮೇಡಂ. ಮಳೆಗೆ ರಸ್ತೆ ಬಂದ್ ಆಗಿ ಪ್ಯಾಕೆಟ್ ಸಿಗದಿದ್ದರೆ? ಎಳನೀರು ಕೊಟ್ಟರೆ ಆಗುತ್ತಲ್ವಾ?

ಮಕ್ಕಳ ವಾರ್ಡ್, ದಾವಣಗೆರೆ

1 ಲೀಟರ್ ನೀರಿಗೆ ಸಕ್ಕರೆ 6 ಚಮಚ, ಉಪ್ಪು ಅರ್ಧ ಚಮಚ. ಚಮಚವೆಂದರೆ 5 ಮಿ.ಲೀ. ಟೀ ಚಮಚ. ಮೇಲೆ ಗುಪ್ಪೆಯಾಗದಂತೆ ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿಕೊಳ್ಳಿ. ಉಪ್ಪು ಹೆಚ್ಚಾಗುವುದೇ ಇಲ್ಲಿನ ಅಪಾಯ. ಕಲಸಿ ನೀವೇ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿ. ಪ್ಯಾಕೆಟ್ ಸಿಗುವ ತನಕ ಇದು ಸಾಕು. ಆದರೆ ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ.

ಎಳನೀರು ಇದಕ್ಕೆ ತದ್ವಿರುದ್ಧ. ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಭೇದಿಯಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಹಾಗಾಗಿ ಎಳನೀರನ್ನು ಓಆರ್‌ಎಸ್ ಜೊತೆಗೆ ಕೊಡಿ, ಓಆರ್‌ಎಸ್ ಬದಲಿಗೆ ಬೇಡ. ಆರು ತಿಂಗಳು ದಾಟಿದ ಮಕ್ಕಳಿಗೆ ಉಪ್ಪು ಹಾಕಿದ ಅನ್ನದ ಗಂಜಿ, ನೀರು ಮಜ್ಜಿಗೆ ಒಳ್ಳೆಯದು. ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ.

ಔಷಧಿಯಂಗಡಿ, ಪುತ್ತೂರು

ಇದಕ್ಕೊಂದು ಸೇರಿಸಬೇಕು. ಪೆಟ್ಟಿಗೆಯಲ್ಲಿ ಬರುವ ಬಣ್ಣದ ಸಿಹಿ ಪಾನೀಯಗಳು ವರ್ಷಗಟ್ಟಲೆ ಓಆರ್‌ಎಸ್ ಹೆಸರಿನಲ್ಲೇ ಮಾರಾಟವಾದವು. ಸಕ್ಕರೆ ವಿಪರೀತ, ಉಪ್ಪು ಕಡಿಮೆ. ಸಕ್ಕರೆ ಕರುಳಿಗೆ ನೀರನ್ನು ಸೆಳೆಯುವುದರಿಂದ ಭೇದಿ ಏರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇರದ ಪಾನೀಯಕ್ಕೆ ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಕೊಳ್ಳುವಾಗ ಹಿಂಬದಿ ಓದಿ. ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಈ ನಾಲ್ಕು ಅಂಕಿ ಇದ್ದರೆ ಅದು ಓಆರ್‌ಎಸ್. ಸರ್ಕಾರಿ ಆಸ್ಪತ್ರೆಯ ಬಿಟ್ಟಿ ಪ್ಯಾಕೆಟ್ಟಿನಲ್ಲಿ ಇರುವುದೂ ಇದೇ, ಅದನ್ನು ಕಡೆಗಣಿಸಬೇಡಿ.

ಆಶಾ, ಹಾವೇರಿ ಕಡೆ

ಝಿಂಕ್ ಗುಳಿಗಿ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ಪ್ಯಾಕೆಟ್ ಒಯ್ತಾರ, ಗುಳಿಗಿ ಅಲ್ಲೇ ಬಿಟ್ಟು ಹೋಗ್ತಾರ. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕ 10 ಮಿ.ಗ್ರಾಂ, ಅಂದ್ರ ಅರ್ಧ ಗುಳಿಗಿ. ಆರು ತಿಂಗಳ ಮ್ಯಾಲಿನ ಮಕ್ಕಳಿಗೆ 20 ಮಿ.ಗ್ರಾಂ, ಒಂದು ಪೂರ್ತಿ ಗುಳಿಗಿ. ಚಮಚದಾಗ ಹಾಕಿ, ತಾಯಿಹಾಲು ಇಲ್ಲಾ ಕಾಸಿ ಆರಿಸಿದ ನೀರು ಬಿಟ್ಟರ ತಾನ ಕರಗ್ತದ. 14 ದಿನ ಬಿಡದ ಕೊಡ್ರಿ.

ಮೂರನೇ ದಿನಕ್ಕ ಭೇದಿ ನಿಂತಿತು ಅಂತ ಬಿಡೋದ ದೊಡ್ಡ ತಪ್ಪು. ಈ ಸಲದ ಭೇದಿ ಕಡಿಮಿ ಆಗೋದಷ್ಟ ಅಲ್ಲ, ಮುಂದಿನ ಎರಡು ಮೂರು ತಿಂಗಳು ಮತ್ತ ಬರೋದೂ ಕಡಿಮಿ ಆಗ್ತದ, ಅದಕ್ಕ 14 ದಿನ ಅನ್ನೋದು. ಆಶಾ ಕಡೆ, ಪಿಎಚ್‌ಸಿಯೊಳಗ ರೊಕ್ಕ ಇಲ್ಲದ ಸಿಗ್ತದ.

ಇನ್ನೊಂದು ಮಾತು. ಕೂಸಿನ ನೆತ್ತಿ ಕುಳಿ ಬಿದ್ದದ ಅಂತ ಎಣ್ಣಿ ಇಟ್ಟು, ದೃಷ್ಟಿ ತಗದು ಕೂಡಬ್ಯಾಡ್ರಿ. ಮೈಯಾಗಿನ ನೀರು ಖಾಲಿ ಆಗೇದ ಅಂತ ಅದರ ಅರ್ಥ. ಕಣ್ಣು ಒಳಗ ಹೋಗಿರೋದು, ಅತ್ತರ ನೀರು ಬರದಿರೋದು, ಹೊಟ್ಟಿ ಚರ್ಮ ಚಿವುಟಿ ಬಿಟ್ಟರ ಸಾವಕಾಶ ಹಿಂದ ಹೋಗೋದು, ಮಂಪರು, ಕುಡಿಯಾಕ ಆಗದಿರೋದು, ಮಲದಾಗ ರಕ್ತ, ಇದರಾಗ ಒಂದು ಕಂಡರೂ ದವಾಖಾನಿಗೆ ನಡೀರಿ. ದಾರಿಯಾಗೂ ಓಆರ್‌ಎಸ್ ಕುಡಸ್ತಾ ಹೋಗ್ರಿ.

ಮಕ್ಕಳ ವಾರ್ಡ್, ದಾವಣಗೆರೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಮಗು ಇನ್ನೂ ಎಚ್ಚರವಾಗಿದ್ದು ಕುಡಿಯಬಲ್ಲದಾದರೆ, ಆಸ್ಪತ್ರೆಯಲ್ಲಿ ನಾಲ್ಕು ಗಂಟೆಯಲ್ಲಿ ಕೆಜಿಗೆ 75 ಮಿ.ಲೀ.ನಂತೆ ಓಆರ್‌ಎಸ್ ಕುಡಿಸುತ್ತಾರೆ. 10 ಕೆಜಿ ಮಗುವಿಗೆ 750 ಮಿ.ಲೀ. ಕಣ್ಣೆದುರು ಕೂರಿಸಿಕೊಂಡು ಕುಡಿಸುವುದು ಎಷ್ಟೋ ಸಲ ಡ್ರಿಪ್ ತಪ್ಪಿಸುತ್ತದೆ. "ಬರೀ ನೀರು ಕುಡಿಸಿ ಕಳಿಸಿದರು" ಎಂದು ಬೇಸರ ಮಾಡಿಕೊಳ್ಳಬೇಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳೇ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಅವರು ಇದೇ ಉಪ್ಪು ಗ್ಲೂಕೋಸಿನ ನೀರು ಕುಡಿಸಿ ಜೀವ ಉಳಿಸಿದರು.

ಭೇದಿ ನಿಲ್ಲಿಸುವ ಮಾತ್ರೆಯನ್ನು ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬರಿಸುತ್ತದೆ. ಆಂಟಿಬಯಾಟಿಕ್ ಕೂಡ ಹೆಚ್ಚಿನ ಮಳೆಗಾಲದ ಭೇದಿಗೆ ಕೆಲಸಕ್ಕೆ ಬಾರದು, ಕಾರಣ ವೈರಸ್. ಮೆತ್ತಗಿನ ಅನ್ನ, ಬೇಳೆ, ಮೊಸರು, ಬಾಳೆಹಣ್ಣು, ಮೇಲೊಂದು ಚಮಚ ತುಪ್ಪ. ಹಸಿವಿನಲ್ಲಿಡುವ ಪಥ್ಯ ಬೇಡ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಹಾಕಿ.

ಹೊಸ ಅಪ್ಪ, ಬೆಂಗಳೂರು

ಜ್ವರದ ಸಿರಪ್ ಬಗ್ಗೆ ಗೊಂದಲ. 10 ಕೆಜಿ ಮಗುವಿಗೆ ಒಬ್ಬರು 6 ಮಿ.ಲೀ. ಅಂತಾರೆ, ಇನ್ನೊಬ್ಬರು 3, ಮತ್ತೊಬ್ಬರು ಒಂದೂವರೆ. ಯಾರದ್ದು ಸರಿ ಸರ್?

ಔಷಧಿಯಂಗಡಿ, ಪುತ್ತೂರು

ಮೂವರದ್ದೂ ಸರಿ, ಬಾಟಲಿ ಬೇರೆ ಬೇರೆ. ಈ ಪ್ರಶ್ನೆಯನ್ನು ಪ್ರತಿ ಮನೆಯಲ್ಲೂ ಕೇಳಬೇಕು.

ಪ್ಯಾರಾಸಿಟಮಾಲ್ ಲೆಕ್ಕ ಮಾಡುವುದು ತೂಕದ ಮೇಲೆ: ಒಂದು ಸಲಕ್ಕೆ ಕೆಜಿಗೆ 15 ಮಿ.ಗ್ರಾಂ. 10 ಕೆಜಿಗೆ 150 ಮಿ.ಗ್ರಾಂ. ಇನ್ನು ಬಾಟಲಿ ನೋಡಿ. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವ ಸಿರಪ್ ಆದರೆ ಸುಮಾರು 6 ಮಿ.ಲೀ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವುದಾದರೆ 3 ಮಿ.ಲೀ. ಪುಟ್ಟ ಬಾಟಲಿಯ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ, ಅದು ಒಂದೂವರೆ ಮಿ.ಲೀ. ಸಾಕು.

"ಚಿಕ್ಕ ಬಾಟಲಿ, ಚಿಕ್ಕ ಮಕ್ಕಳಿಗೆ, ಆದ್ದರಿಂದ ಸೌಮ್ಯ" ಎಂದು ತಿಳಿದುಕೊಳ್ಳುತ್ತಾರೆ. ಡ್ರಾಪ್ಸ್ ಅತಿ ಗಟ್ಟಿ. ಸಿರಪ್ಪಿನ ಅಳತೆ ನೆನಪಿಟ್ಟುಕೊಂಡು ಅದರಲ್ಲಿ 6 ಮಿ.ಲೀ. ಕೊಟ್ಟರೆ 600 ಮಿ.ಗ್ರಾಂ ಹೋಯಿತು, ನಾಲ್ಕು ಪಟ್ಟು. ಇದೇ ತಪ್ಪು ಎರಡು ಮೂರು ಸಲ ಆದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಇಡೀ ದಿನಕ್ಕೆ ಇಷ್ಟು ಸಲ ಎಂದು ಗೆರೆ ಎಳೆದುಕೊಳ್ಳಿ: ಎರಡು ಡೋಸಿನ ನಡುವೆ 6 ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲ, ಅದಕ್ಕಿಂತ ಹೆಚ್ಚಿಲ್ಲ.

ಅಳೆಯುವುದಕ್ಕೆ ಅಡುಗೆಮನೆ ಚಮಚ ಬೇಡ, ಒಂದೊಂದು ಚಮಚ ಒಂದೊಂದು ಅಳತೆ. ಸೂಜಿಯಿಲ್ಲದ 5 ಮಿ.ಲೀ. ಸಿರಿಂಜು ಯಾವ ಅಂಗಡಿಯಲ್ಲೂ ಸಿಗುತ್ತದೆ. ಕೆನ್ನೆಯ ಒಳಬದಿಗೆ ಮೆಲ್ಲಗೆ ಬಿಡಿ, ಗಂಟಲಿಗೆ ನೇರ ಚಿಮ್ಮಿಸಬೇಡಿ. ನೆಗಡಿ ಸಿರಪ್ ಕೂಡ ನಡೆಯುತ್ತಿದ್ದರೆ ಅದರ ಹಿಂಬದಿ ಓದಿ. ಹಲವದರಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ, ಗೊತ್ತಿಲ್ಲದೆ ಎರಡು ಪಟ್ಟು ಹೋಗುತ್ತದೆ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು, ಸಿರಪ್ ಏನೂ ಬೇಡ, ಆಗಲೇ ಆಸ್ಪತ್ರೆ.

ಮಕ್ಕಳ ವಾರ್ಡ್, ದಾವಣಗೆರೆ

ನೆಗಡಿ ಸಿರಪ್ ಮಾತು ಬಂದದ್ದರಿಂದ ಕೆಮ್ಮಿನ ಸಿರಪ್ ಬಗ್ಗೆಯೂ: 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ರಾಸಾಯನಿಕ ಬೆರೆತ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ಸತ್ತರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿ ಸಿರಪ್ ಬರೆದುಕೊಡಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆ ಅಕ್ಟೋಬರ್‌ನಲ್ಲೇ ಸೂಚಿಸಿದೆ. ಸಿರಪ್ ಶುದ್ಧವಾಗಿದ್ದರೂ ಈ ವಯಸ್ಸಿಗೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಮೂಗಿಗೆ ಉಪ್ಪುನೀರಿನ ಹನಿ, ಒಂದು ವರ್ಷ ದಾಟಿದವರಿಗೆ ಮಲಗುವಾಗ ಅರ್ಧ ಚಮಚ ಜೇನು. ಒಂದು ವರ್ಷದೊಳಗೆ ಜೇನು ನೆಕ್ಕಿಸಲೂ ಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಭಯವಿದೆ.

ಕೆಮ್ಮಿನ ಸದ್ದಿಗಿಂತ ಉಸಿರಿನ ಲೆಕ್ಕ ಮುಖ್ಯ. ಮಗು ಅಳದೆ ಇರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಎಳೆ ಮಕ್ಕಳ ಉಸಿರು ಒಂದೇ ಲಯದಲ್ಲಿರದು. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಎಂದೇ ತಿಳಿದು ಹೊರಡಿ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಇಬ್ಬರು ಮಕ್ಕಳ ಅಮ್ಮ, ತೀರ್ಥಹಳ್ಳಿ

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ಹಚ್ಚೋದು, ಸ್ನಾನದ ನಂತರ ಲೋಬಾನದ ಹೊಗೆ ಹಾಕೋದು ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೆ. ಇದೂ ತಪ್ಪಾ?

ಮಕ್ಕಳ ವಾರ್ಡ್, ದಾವಣಗೆರೆ

ಬರೀ ಕೊಬ್ಬರಿ ಎಣ್ಣೆ ಹಚ್ಚಿ, ಅಡ್ಡಿಯಿಲ್ಲ. ಕರ್ಪೂರ ಬಿಡಿ. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ, ಬಾಯಿಗೆ ಹೋದರಂತೂ ಚಿಕ್ಕ ತುಂಡೇ ಫಿಟ್ಸ್ ತರಿಸಬಲ್ಲದು. ದೇವರ ಮನೆಯ ಕರ್ಪೂರದ ಡಬ್ಬಿ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ, ಅಂಬೆಗಾಲಿಡುವ ಮಗು ಇದ್ದರೆ ಅದು ಮೇಲಿನ ಗೂಡಿನಲ್ಲೇ ಇರಲಿ. ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. ಮೂಗಿಗೆ ಎಣ್ಣೆ ಬಿಡುವುದೂ ಬೇಡ, ಎಣ್ಣೆ ಶ್ವಾಸಕೋಶಕ್ಕಿಳಿದರೆ ತೆಗೆಯುವ ದಾರಿಯಿಲ್ಲ.

ಹೊಗೆಯಿಂದ ಶ್ವಾಸನಾಳ ಕೆರಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕೆಂಡದ್ದು. ಬಾಣಂತಿ ಕೋಣೆ ಬೆಚ್ಚಗಿರಲಿ, ಬಟ್ಟೆ ಒಣಗಲಿ ಎಂದು ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಕೆಂಡ ಇಡಲೇಬೇಕೆಂದರೆ ಎರಡು ಕಡೆ ಗಾಳಿಯಾಡಬೇಕು, ಮಲಗುವ ಮೊದಲು ಅದು ಕೋಣೆಯಿಂದ ಹೊರಗೆ ಹೋಗಬೇಕು.

ವೈರಿಂಗ್ ಮತ್ತು ಪ್ಲಂಬಿಂಗ್, ಮೈಸೂರು

ಗ್ಯಾಸ್ ಗೀಸರ್‌ನದ್ದೂ ಅದೇ ಕಥೆ. ಇರಚಲು ಬರುತ್ತದೆಂದು ಬಚ್ಚಲಿನ ವೆಂಟಿಲೇಟರಿಗೆ ರಟ್ಟು ಬಡಿಯುತ್ತಾರೆ, ಒಳಗೆ ಗೀಸರ್ ಉರಿಯುತ್ತಿರುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ ಕೂರಿಸಿ, ಪೈಪು ಮಾತ್ರ ಒಳಗೆ ಬರಲಿ. ಅದಾಗುವ ತನಕ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಲು ಬಿಟ್ಟು ಆಮೇಲೆ ಮಗುವನ್ನು ಒಳಗೆ ಕರೆದೊಯ್ಯಿರಿ.

ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್ ಇದ್ದರೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ. ಮೊದಲು ಪ್ಲಗ್ ಕಿತ್ತು, ನಂತರ ರಾಡ್ ತೆಗೆದು, ಆಮೇಲಷ್ಟೇ ನೀರು ಮುಟ್ಟಬೇಕು. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ, ಶಾಕ್ ಹೊಡೆದೊಡನೆ ಕರೆಂಟ್ ಕಡಿಯುವ ಸ್ವಿಚ್ ಆದ ಆರ್‌ಸಿಸಿಬಿ ಇದೆಯೇ ನೋಡಿ. ಸಾಮಾನ್ಯ ಎಂಸಿಬಿ ವೈರು ಸುಡದಂತೆ ಕಾಯುತ್ತದೆ, ಮನುಷ್ಯನಿಗೆ ಶಾಕ್ ಹೊಡೆದರೆ ಬೀಳುವುದಿಲ್ಲ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಗುಂಡಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒತ್ತಿ. ಕರೆಂಟ್ ಹೋಗದಿದ್ದರೆ ಅದು ಕೆಟ್ಟಿದೆ.

ಮಕ್ಕಳ ವಾರ್ಡ್, ದಾವಣಗೆರೆ

ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ. ಸುಟ್ಟರೆ ನಲ್ಲಿ ಬಿಟ್ಟು 20 ನಿಮಿಷ ಹರಿಯುವ ನೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಹಿಟ್ಟು ಬೇಡ.

ಹೊಸ ಅಪ್ಪ, ಬೆಂಗಳೂರು

ಡೆಂಗಿ ಬಗ್ಗೆ ತಿಳಿದವರು ಹೇಳಿ. ನೀರು ಚೆಲ್ಲಿದರೂ ವಾರದಲ್ಲಿ ಮತ್ತೆ ಹುಳ ಕಾಣಿಸುತ್ತವಲ್ಲ, ಯಾಕೆ?

ಲಾರ್ವಾ ಸಮೀಕ್ಷೆ, ದಕ್ಷಿಣ ಕನ್ನಡ

ಬರೀ ಚೆಲ್ಲಿದರೆ ಹೋಗುವುದಿಲ್ಲ. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿದಂತೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತಾಗಿದೊಡನೆ ಮರಿಯಾಗುತ್ತವೆ. ಡ್ರಮ್, ತೊಟ್ಟಿ, ಹಂಡೆ ಏನೇ ಇರಲಿ, ಖಾಲಿ ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಬೋರಲು ಹಾಕಿ ಒಣಗಿಸಿ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ಎನ್ನುವುದು ಅದಕ್ಕೇ.

ಹುಡುಕಬೇಕಾದ ಜಾಗಗಳು: ಫ್ರಿಜ್‌ನ ಹಿಂಬದಿ ಕೆಳಗಿರುವ ನೀರಿನ ತಟ್ಟೆ, ಹೂಕುಂಡದಡಿಯ ತಟ್ಟೆ, ತಾರಸಿಯ ಮೇಲೆ ಮುಚ್ಚಿದ ಟಾರ್ಪಾಲಿನ ಗುಂಡಿ, ಸಂಪಿನ ಮುಚ್ಚಳದ ಸಂದಿ, ಟ್ಯಾಂಕಿನ ಓವರ್‌ಫ್ಲೋ ಪೈಪು. ಪೈಪಿನ ಬಾಯಿಗೆ ನೈಲಾನ್ ಬಲೆ ಬಿಗಿದು ಕಟ್ಟಿ. ತೋಟದವರು ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಮರದ ಕಪ್ಪು ನೋಡಬೇಕು. ಟ್ಯಾಪಿಂಗ್ ನಿಲ್ಲಿಸಿದ ಮಳೆಗಾಲದಲ್ಲಿ ಆ ಕಪ್ಪುಗಳನ್ನು ಬೋರಲು ಮಾಡದೆ ಬಿಟ್ಟರೆ ಮರಕ್ಕೊಂದು ಸೊಳ್ಳೆ ತೊಟ್ಟಿಲು ಕಟ್ಟಿದಂತೆ.

ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆ ಸುತ್ತ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ನಿಗದಿ ಮಾಡಿದೆ: ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯಲ್ಲಿ 200.

ಇದು ಹಗಲು ಕಚ್ಚುವ ಸೊಳ್ಳೆ, ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಹೆಚ್ಚು. ಆದ್ದರಿಂದ ಹಗಲು ನಿದ್ದೆಗೂ ಸೊಳ್ಳೆಪರದೆ ಬೇಕು. ಎರಡು ತಿಂಗಳೊಳಗಿನ ಕೂಸಿಗೆ ಯಾವ ಕ್ರೀಮೂ ಬೇಡ, ಪರದೆ ಒಂದೇ. ದೊಡ್ಡ ಮಕ್ಕಳಿಗೆ ಕ್ರೀಮನ್ನು ನಿಮ್ಮ ಅಂಗೈಗೆ ಹಾಕಿಕೊಂಡು ಸವರಿ. ಮಗುವಿನ ಕೈಬೆರಳಿಗೆ ಬೇಡ, ಅದು ನೇರ ಬಾಯಿಗೆ ಹೋಗುತ್ತದೆ.

ಮಕ್ಕಳ ವಾರ್ಡ್, ದಾವಣಗೆರೆ

ಡೆಂಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಆಸ್ಪಿರಿನ್ ಮೂರೂ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಹೋದ ಸಲ ಬರೆದುಕೊಟ್ಟ ಜ್ವರದ ಸಿರಪ್ ಉಳಿದಿದೆ ಎಂದು ಕೊಡುವ ಮುಂಚೆ ಅದರಲ್ಲಿ ಮೆಫೆನಾಮಿಕ್ ಇದೆಯೇ ಓದಿ, ಮಳೆಗಾಲದಲ್ಲಿ ಯಾವ ಜ್ವರವಾದರೂ ಸರಿ. ರಕ್ತಪರೀಕ್ಷೆಯಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1 ಮೊದಲ ಐದು ದಿನಕ್ಕೆ, ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಅದರ ನಂತರಕ್ಕೆ. ಎರಡನೇ ದಿನ ಐಜಿಎಂ ಮಾತ್ರ ಮಾಡಿಸಿ "ನೆಗೆಟಿವ್" ಎಂದು ನಿರಾಳವಾಗುವುದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು: ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿದಾಗ. ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಗುತ್ತದೆ, ಮನೆಯವರು ವಾಸಿಯಾಯಿತೆಂದು ಉಸಿರು ಬಿಡುತ್ತಾರೆ. ಆಗಲೇ ರಕ್ತನಾಳದಿಂದ ದ್ರವ ಸೋರತೊಡಗುತ್ತದೆ. ಆ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ, ತಣ್ಣನೆ ಕೈಕಾಲು, ಮಂಕು ಅಥವಾ ವಿಪರೀತ ಕಿರಿಕಿರಿ, ಆರು ಗಂಟೆ ಉಚ್ಚೆ ಹೊಯ್ಯದಿರುವುದು. ಯಾವುದೇ ಒಂದಕ್ಕೆ ಆಸ್ಪತ್ರೆ, ರಾತ್ರಿಯಾದರೂ.

ಹೊಸ ಅಪ್ಪ, ಬೆಂಗಳೂರು

ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದರೆ ಏರಿಸಬೇಕಲ್ಲವೇ? ಪಪ್ಪಾಯಿ ಎಲೆ ರಸ?

ಮಕ್ಕಳ ವಾರ್ಡ್, ದಾವಣಗೆರೆ

ಬರೀ ಅಂಕಿ ನೋಡಿ ಏರಿಸುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಹೋಗುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಬೇಕಾಗದು. ವೈದ್ಯರು ಅದರ ಜೊತೆ ನೋಡುವ ಇನ್ನೊಂದು ಅಂಕಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಅದು 20 ಪ್ರತಿಶತ ಏರಿತೆಂದರೆ ದ್ರವ ಸೋರಿ ರಕ್ತ ಗಟ್ಟಿಯಾಗಿದೆ ಎಂದರ್ಥ. ವರದಿ ಬಂದಾಗ ಅದನ್ನೂ ಕೇಳಿ ತಿಳಿದುಕೊಳ್ಳಿ. ಎಲೆ ರಸ ಕಹಿ, ಮಗು ವಾಂತಿ ಮಾಡುತ್ತದೆ. ಆ ವಾಂತಿ ಕಾಯಿಲೆಯದ್ದೋ ರಸದ್ದೋ ತಿಳಿಯದೆ ಅಪಾಯದ ಲಕ್ಷಣವೇ ಮಸುಕಾಗುತ್ತದೆ. ಓಆರ್‌ಎಸ್, ಗಂಜಿ, ಎಳನೀರು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ.

ಆಶಾ, ಹಾವೇರಿ ಕಡೆ

ಜ್ವರಕ್ಕ ಫಿಟ್ಸ್ ಬಂದ್ರ ಕೈಯಾಗ ಕಬ್ಬಿಣ, ಬಾಯಾಗ ಚಮಚ ಇಡಬ್ಯಾಡ್ರಿ. ಮಗ್ಗಲಾಗಿ ಮಲಗಿಸಿ, ಗಡಿಯಾರ ನೋಡ್ರಿ. 5 ನಿಮಿಷ ದಾಟಿದ್ರ 108. ಮೊದಲನೇ ಸಲ ಆಗಿದ್ರ ನಿಂತ ಮ್ಯಾಲೂ ತೋರಸ್ರಿ.

ಲಸಿಕಿ ಕಾರ್ಡು ಒಮ್ಮೆ ತಗದು ನೋಡ್ರಿ. ರೋಟಾ ಹನಿ 6, 10, 14 ವಾರಕ್ಕ, ಭೇದಿಗೆ. ನ್ಯುಮೋನಿಯಾದ ಪಿಸಿವಿ 6 ವಾರ, 14 ವಾರ, ಆಮ್ಯಾಲ 9 ತಿಂಗಳಿಗೆ. ಎರಡೂ ಅಂಗನವಾಡಿಯೊಳಗ ಪುಕ್ಕಟ. ರೋಟಾದ ಮೊದಲ ಹನಿ ಒಂದು ವರ್ಷದೊಳಗ ಬೀಳಬೇಕು, ಆಮ್ಯಾಲ ಶುರು ಮಾಡಾಕ ಬರಂಗಿಲ್ಲ.

ಇಬ್ಬರು ಮಕ್ಕಳ ಅಮ್ಮ, ತೀರ್ಥಹಳ್ಳಿ

ಬಾವಿ ನೀರು ಕೆಂಪಾಗಿ ಬರುವಾಗ ಕ್ಲೋರಿನ್ ಮಾತ್ರೆ ಹಾಕಿದರೆ ಸಾಕಾ, ಕುದಿಸಲೇಬೇಕಾ?

ಲಾರ್ವಾ ಸಮೀಕ್ಷೆ, ದಕ್ಷಿಣ ಕನ್ನಡ

ಕೆಂಪು ನೀರಿಗೆ ನೇರ ಮಾತ್ರೆ ಹಾಕಿದರೆ ಮಣ್ಣೇ ಕ್ಲೋರಿನ್ನನ್ನು ತಿಂದುಬಿಡುತ್ತದೆ. ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ. ಆಮೇಲೆ ಮಾತ್ರೆಯ ಪಟ್ಟಿಯ ಮೇಲೆ ಎಷ್ಟು ಲೀಟರಿಗೆ ಎಂದಿದೆಯೋ ಅಷ್ಟೇ ನೀರಿಗೆ ಹಾಕಿ 30 ನಿಮಿಷ ಕಾಯಿರಿ. ಅರ್ಧ ಗಂಟೆಯ ನಂತರ ಸಣ್ಣಗೆ ಕ್ಲೋರಿನ್ ವಾಸನೆ ಉಳಿದಿರಬೇಕು. ಉಳಿಯದಿದ್ದರೆ ಸಾಲಲಿಲ್ಲ ಎಂದು ಲೆಕ್ಕ. ಮಗು ಕುಡಿಯುವ ನೀರನ್ನಂತೂ ಸೋಸಿದ ಮೇಲೆ ಕುದಿಸಿಬಿಡಿ. ಕೊತಕೊತ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಬೇರೆ ಕೊಡಕ್ಕೆ ಬಗ್ಗಿಸಿ ಕೈ ಅದ್ದಿ ತೆಗೆದರೆ ಕುದಿಸಿದ್ದು ದಂಡ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ.